ಬಿದ್ದಾಗ ಹಿಡಿದವರು, ಎದ್ದಾಗ ಬಿಟ್ಟರು

ಷೇರುಪೇಟೆ ಕುಸಿದಾಗ ಸಣ್ಣ ಹೂಡಿಕೆದಾರರು ಹೆದರಿ ಮಾರುತ್ತಾರೆ, ದೊಡ್ಡವರು ಅಗ್ಗಕ್ಕೆ ಬಾಚಿಕೊಳ್ಳುತ್ತಾರೆ ಎಂಬ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊರೊನಾ ಕಾಲದ ಲೆಕ್ಕ ತೆಗೆದು ನೋಡಿದರೆ ಈ ಮಾತು ಬಹುಪಾಲು ತಲೆಕೆಳಗು. 2020ರ ಮಾರ್ಚ್‌ನಲ್ಲಿ ಬಾಗಿಲಿಗೆ ಓಡಿದವರು ವಿದೇಶಿ ಹೂಡಿಕೆ ಸಂಸ್ಥೆಗಳು. ಆ ಒಂದೇ ತಿಂಗಳು ಅವು ಭಾರತದ ಷೇರುಗಳಿಂದ ಸುಮಾರು 62 ಸಾವಿರ ಕೋಟಿ ರೂಪಾಯಿ ಹಿಂತೆಗೆದವು. ಅದೇ ತಿಂಗಳು ನಮ್ಮ ಈಕ್ವಿಟಿ ಮ್ಯೂಚುವಲ್ ಫಂಡ್‌ಗಳಿಗೆ, ಅಂದರೆ ಜನರ ಹಣ ಒಟ್ಟುಮಾಡಿ ಷೇರಿನಲ್ಲಿ ಹೂಡುವ ಫಂಡ್‌ಗಳಿಗೆ, ನಿವ್ವಳ 11 ಸಾವಿರ ಕೋಟಿಗೂ ಹೆಚ್ಚು ಹಣ ಹರಿದು ಬಂತು. ಹಿಂದಿನ ಒಂದು ವರ್ಷದಲ್ಲಿ ಯಾವ ತಿಂಗಳೂ ಅಷ್ಟು ಬಂದಿರಲಿಲ್ಲ. ನಮ್ಮವರು ಹಣ ತೆಗೆಯಲು ಶುರುಮಾಡಿದ್ದು ಜುಲೈನಲ್ಲಿ, ಪೇಟೆ ಎದ್ದು ಕೂತ ಮೇಲೆ. ಆಮೇಲೆ 2021ರ ಫೆಬ್ರುವರಿವರೆಗೆ, ಸತತ ಎಂಟು ತಿಂಗಳು, ತೆಗೆಯುತ್ತಲೇ ಇದ್ದರು.

ಈ ಹಳೆಯ ಲೆಕ್ಕವನ್ನು ಈಗ ಕೆದಕುವುದಕ್ಕೆ ಕಾರಣವಿದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು, ಅಂದರೆ ಷೇರು ಇಟ್ಟುಕೊಳ್ಳುವ ಖಾತೆಗಳು, ಸುಮಾರು 4 ಕೋಟಿ. 2025ರ ಮಾರ್ಚ್ ಹೊತ್ತಿಗೆ ಅವು 19 ಕೋಟಿ ದಾಟಿದವು. ಒಬ್ಬರಿಗೇ ಎರಡು ಮೂರು ಖಾತೆ ಇರುವುದನ್ನು ಕಳೆದರೂ, ಇವತ್ತು ಷೇರು ಇಟ್ಟುಕೊಂಡಿರುವವರಲ್ಲಿ ಹೆಚ್ಚಿನವರು ಆ ಕುಸಿತದಲ್ಲಿ ಸ್ವಂತ ರೊಕ್ಕ ಕರಗಿದ್ದನ್ನು ಕಂಡವರಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ರೂಮುಗಳಲ್ಲೂ, ಹುಬ್ಬಳ್ಳಿ ವಿದ್ಯಾನಗರದ ಚಹಾದಂಗಡಿಗಳ ಮುಂದೂ ಈಗ ಮಾರ್ಕೆಟ್ ಮಾತು ಸಾಮಾನ್ಯ. ಅಲ್ಲಿ ಕೊರೊನಾ ಕುಸಿತ ಅಂದರೆ ಫೋನಿನ ಪರದೆ ಮೇಲಿನ ಒಂದು ಗೆರೆ ಅಷ್ಟೇ: ಬಿತ್ತು, ಎದ್ದಿತು, ಮುಗೀತು. ಆಗ ಕೊಂಡವರೆಲ್ಲ ಸಾಹುಕಾರರಾದರು ಎಂಬ ನಂಬಿಕೆಯೂ ಅದರ ಜೊತೆಗೇ ಬಂದಿದೆ. ಆ ಗೆರೆಯ ಒಳಗಿದ್ದವರು ಪಟ್ಟ ಪಾಡು ಬೇರೆಯೇ ಇತ್ತು.

ದಿನಾಂಕಗಳಿಂದ ಶುರುಮಾಡೋಣ. 2020ರ ಜನವರಿ 20ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42,273 ಅಂಶ ಮುಟ್ಟಿ ಹೊಸ ಎತ್ತರ ಕಂಡಿತ್ತು. ಫೆಬ್ರುವರಿ ಅರ್ಧ ಕಳೆದರೂ ಪೇಟೆಯ ಪಾಲಿಗೆ ಕೊರೊನಾ ಚೀನಾದ ರೋಗವೇ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪಿಡುಗು ಎಂದು ಘೋಷಿಸಿತು. ಮರುದಿನ ಸೆನ್ಸೆಕ್ಸ್ 2,919 ಅಂಶ ಕಳೆದುಕೊಂಡಿತು. ಅದರ ಮರುದಿನ, ಮಾರ್ಚ್ 13ರ ಬೆಳಿಗ್ಗೆ, ರಾಷ್ಟ್ರೀಯ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಶೇ 10ರಷ್ಟು ಬಿದ್ದು ವಹಿವಾಟು ನಿಂತಿತು. ಅದೇ ದಿನ ಸಂಜೆಗೆ ಸೆನ್ಸೆಕ್ಸ್ 1,325 ಅಂಶ ಏರಿಕೆಯಲ್ಲಿ ಮುಗಿಯಿತು. ಬೆಳಿಗ್ಗೆ ಮಾರಿದವರು ಮಧ್ಯಾಹ್ನ ತಲೆ ಮೇಲೆ ಕೈಹೊತ್ತರು. ಮಧ್ಯಾಹ್ನ ಕೊಂಡವರು ಸೋಮವಾರ ಮತ್ತೆ 2,713 ಅಂಶ ಕುಸಿದಾಗ ಅವರ ಪಕ್ಕದಲ್ಲೇ ಕೂತರು.

ಮಾರ್ಚ್ 22 ಭಾನುವಾರ ಜನತಾ ಕರ್ಫ್ಯೂ. ಸೋಮವಾರ ಬೆಳಿಗ್ಗೆ ಪೇಟೆ ತೆರೆದು ಒಂದು ತಾಸು ಕಳೆಯುವಷ್ಟರಲ್ಲಿ ಸೂಚ್ಯಂಕ ಮತ್ತೆ ಶೇ 10 ಬಿದ್ದು, ನಿಯಮದ ಪ್ರಕಾರ 45 ನಿಮಿಷ ವಹಿವಾಟು ನಿಂತಿತು. ಸರ್ಕಿಟ್ ಅನ್ನುವ ಈ ತಡೆಯ ಉದ್ದೇಶ ಜನರ ತಲೆ ತಣ್ಣಗಾಗಲಿ ಎಂಬುದು. ಆವತ್ತು ಆದದ್ದು ಬೇರೆ. ವಹಿವಾಟು ನಿಂತ ಮುಕ್ಕಾಲು ತಾಸಿನಲ್ಲಿ ಫೋನುಗಳು ಮಾತ್ರ ನಿಲ್ಲಲಿಲ್ಲ. ಬಾಗಿಲು ತೆರೆದ ಕೂಡಲೇ ಮೊದಲು ನುಗ್ಗಬೇಕು ಅನ್ನುವವರ ಸಾಲು ಉದ್ದವಾಯಿತು. ದಿನದ ಕೊನೆಗೆ ಸೆನ್ಸೆಕ್ಸ್ 3,934 ಅಂಶ, ಅಂದರೆ ಶೇ 13ಕ್ಕೂ ಹೆಚ್ಚು ಕಳೆದುಕೊಂಡು 25,981ಕ್ಕೆ ನಿಂತಿತ್ತು. ಮರುದಿನ ಇನ್ನಷ್ಟು ಜಾರಿ 25,638ರವರೆಗೆ ಹೋಗಿ ಅಲ್ಲಿಂದ ತಿರುಗಿತು. ಆ ಸಂಜೆಯೇ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಅಂದರೆ ದೇಶಕ್ಕೆ ಬೀಗ ಬಿದ್ದ ದಿನವೇ ಪೇಟೆಯ ತಳ. ಆವತ್ತು ಇದು ತಳ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿತ್ತು ಅನ್ನುವವರು ಆಮೇಲೆ ಬಹಳ ಮಂದಿ ಸಿಕ್ಕರು, ಆ ಮಾತು ಬೇರೆ.

ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಶೇ 40 ಕುಸಿತ. ಇಷ್ಟಾದರೂ ನಮ್ಮ ಕಡೆಯ ಫಂಡ್ ಹೂಡಿಕೆದಾರರು ಯಾಕೆ ಓಡಲಿಲ್ಲ? ಧೈರ್ಯ ಹೆಚ್ಚಿತ್ತು, ತಿಳಿವಳಿಕೆ ಬಂದಿತ್ತು ಎಂದು ಫಂಡ್ ಕಂಪನಿಗಳು ಹೇಳಿಕೊಂಡವು. ಇರಬಹುದು. ನನಗೆ ಕಾಣುವ ಕಾರಣಗಳು ಇನ್ನೂ ಸಾದಾ. ಫಂಡ್‌ನ ಬೆಲೆ ದಿನಕ್ಕೆ ಒಂದೇ ಸಲ, ರಾತ್ರಿ ಗೊತ್ತಾಗುತ್ತದೆ. ನಿಮಿಷ ನಿಮಿಷಕ್ಕೆ ಎದೆ ಹೊಡೆದುಕೊಳ್ಳುವ ಅವಕಾಶವೇ ಕಡಿಮೆ. ಜೊತೆಗೆ ಹುಬ್ಬಳ್ಳಿ, ಗದಗ, ಹಾವೇರಿಯಂಥ ಊರುಗಳಲ್ಲಿ ವಯಸ್ಸಾದ ಹೂಡಿಕೆದಾರರು ಆಗಿನ್ನೂ ಏಜೆಂಟರು ತಂದ ಕಾಗದದ ಅರ್ಜಿಗೆ ಸಹಿ ಹಾಕಿ ಕೊಡುವ ರೂಢಿಯವರು. ಲಾಕ್‌ಡೌನ್ ಬಿದ್ದ ಮೇಲೆ ಏಜೆಂಟರೂ ಮನೆಯಲ್ಲಿ, ಅರ್ಜಿಯೂ ಮನೆಯಲ್ಲಿ. ಆ್ಯಪ್ ಇಲ್ಲದ್ದೇ ಅವರ ಪಾಲಿಗೆ ಕಾವಲಾಯಿತು. ಸೋಮಾರಿತನ ಲಾಭ ತಂದುಕೊಡುವ ಕ್ಷೇತ್ರಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಷೇರುಪೇಟೆ ಅವುಗಳಲ್ಲಿ ಒಂದು.

ಹಾಗಾದರೆ ಮಾರಿದವರು ಯಾರು, ಯಾಕೆ ಮಾರಿದರು? ಇಲ್ಲಿ ನಿಲ್ಲಬೇಕು, ಏಕೆಂದರೆ ಭಯ ಎಂಬ ಒಂದೇ ಪದದ ಕೆಳಗೆ ಬೇರೆ ಬೇರೆ ಸಂಗತಿಗಳನ್ನು ತುರುಕಿಬಿಡುತ್ತೇವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಆವಕ ಜೋರಾಗಿ ದರ ಬಿದ್ದಾಗ ರೈತ, ವ್ಯಾಪಾರಿ ಇಬ್ಬರ ಕೈಯಲ್ಲೂ ಅದೇ ಮಾಲು ಇರುತ್ತದೆ. ವ್ಯಾಪಾರಿ ಚೀಲಗಳನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಿ ಸುಮ್ಮನೆ ಕೂಡುತ್ತಾನೆ. ರೈತ ಅದೇ ದಿನದ ಟೆಂಡರ್ ದರಕ್ಕೆ ಕೊಟ್ಟು ಹೋಗುತ್ತಾನೆ. ಗೊಬ್ಬರದಂಗಡಿ ಸಾಲ, ಬಾಡಿಗೆ ಟೆಂಪೊ, ಕೂಲಿ ಎಲ್ಲ ಬಾಗಿಲಲ್ಲೇ ನಿಂತಿರುತ್ತವೆ. ಇಬ್ಬರ ನಡುವೆ ಧೈರ್ಯದ ವ್ಯತ್ಯಾಸವಿಲ್ಲ, ಕಾಯುವ ತಾಕತ್ತಿನ ವ್ಯತ್ಯಾಸವಿದೆ. 2024ರ ಮಾರ್ಚ್‌ನಲ್ಲಿ ದರ ದಿಢೀರ್ ಬಿದ್ದಾಗ ಅದೇ ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಕಂಡಿದ್ದೇವೆ. ಕಾಯುವ ದಾರಿ ಇದ್ದಿದ್ದರೆ ಅಷ್ಟು ಸಿಟ್ಟು ಯಾಕೆ ಬರುತ್ತಿತ್ತು?

2020ರ ಮಾರ್ಚ್‌ನಲ್ಲಿ ಷೇರುಪೇಟೆಯಲ್ಲಿ ಮಾರಿದವರಲ್ಲಿ ಬಹುಪಾಲು ಇಂಥ ಕಾಯಲಾಗದವರೇ. ವಿದೇಶಿ ಫಂಡ್‌ಗಳಿಗೆ ಅವರ ಊರಿನ ಗ್ರಾಹಕರು ಹಣ ವಾಪಸ್ ಕೊಡಿ ಎಂದು ದುಂಬಾಲು ಬಿದ್ದಿದ್ದರು. ಅವರು ಎಲ್ಲಿ ಸಾಧ್ಯವೋ ಅಲ್ಲಿ ಮಾರಿ ಡಾಲರ್ ಒಟ್ಟುಮಾಡಿದರು. ಭಾರತದ ಕಂಪನಿಗಳ ಬಗ್ಗೆ ಅವರು ತೀರ್ಪು ಕೊಟ್ಟರು ಅನ್ನುವುದಕ್ಕಿಂತ ಕೈಗೆ ಸಿಕ್ಕಿದ್ದನ್ನು ನಗದು ಮಾಡಿದರು ಅನ್ನುವುದು ಸರಿ. ಎರಡನೆಯ ಗುಂಪು ಸಾಲ ಮಾಡಿ ಷೇರು ಕೊಂಡವರದ್ದು, ಷೇರು ಒತ್ತೆಯಿಟ್ಟು ಮತ್ತೆ ಷೇರು ಕೊಂಡವರದ್ದು, ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನಾಂಕದ ಬೆಲೆಯ ಒಪ್ಪಂದದಲ್ಲಿ, ಪೊಸಿಷನ್ ಹಿಡಿದವರದ್ದು. ಬೆಲೆ ಬಿದ್ದಂತೆ ಬ್ರೋಕರ್ ಹೆಚ್ಚು ಮಾರ್ಜಿನ್, ಅಂದರೆ ಜಾಮೀನು ಹಣ, ಕೇಳುತ್ತಾನೆ. ತುಂಬದಿದ್ದರೆ ಅವನೇ ಮಾರುತ್ತಾನೆ. ಆ ಮಾರಾಟದಿಂದ ಬೆಲೆ ಇನ್ನೂ ಬೀಳುತ್ತದೆ. ಆಗ ಮುಂದಿನವನಿಗೆ ಫೋನ್ ಹೋಗುತ್ತದೆ. ಒಂದೇ ದಿನ ಶೇ 13 ಕುಸಿಯುವುದು ಹೀಗೆ. ಅಷ್ಟು ಜನರ ಮನಸ್ಸು ಒಂದೇ ಬೆಳಿಗ್ಗೆ ಬದಲಾಗುವುದು ಕಷ್ಟ. ಅಷ್ಟು ಜನರ ಮಾರ್ಜಿನ್ ಒಂದೇ ಬೆಳಿಗ್ಗೆ ತೀರುವುದು ಸುಲಭ. ಆ ತಿಂಗಳು ವಿದೇಶಿಯರು ಚೆಲ್ಲಿದ್ದರಲ್ಲಿ 55 ಸಾವಿರ ಕೋಟಿ ರೂಪಾಯಿಯಷ್ಟನ್ನು ದೇಶದ ಒಳಗಿನ ಸಂಸ್ಥೆಗಳು, ಅಂದರೆ ವಿಮಾ ಕಂಪನಿಗಳು, ಮ್ಯೂಚುವಲ್ ಫಂಡ್‌ಗಳು ಮುಂತಾದವು ಎತ್ತಿಕೊಂಡವು. ಆ ದುಡ್ಡಿನ ಹಿಂದೆ ತಿಂಗಳಿಗೆ ಸಾವಿರ, ಎರಡು ಸಾವಿರ ಎಂದು ಫಂಡ್‌ಗೆ ಕಂತು (ಎಸ್‌ಐಪಿ) ಕಟ್ಟುವ ಶಿಕ್ಷಕರೂ ಕ್ಲರ್ಕುಗಳೂ ಇದ್ದರು.

ಮೂರನೆಯವರು ಮನೆಖರ್ಚಿಗೆ ಮಾರಿದವರು. ಹುಬ್ಬಳ್ಳಿ ದುರ್ಗದ ಬೈಲಿನ ಬಟ್ಟೆ ಅಂಗಡಿಗಳಿಗೆ ಬೀಗ, ಬಸ್ಸುಗಳು ಡಿಪೊದಲ್ಲಿ, ಖಾಸಗಿ ಶಾಲೆಯ ಮಾಸ್ತರರಿಗೆ ಸಂಬಳ ಅರ್ಧ ಅಥವಾ ಅದೂ ಇಲ್ಲ. ಇಂಥ ಕಾಲದಲ್ಲಿ ಷೇರು ಮಾರಿದರೆ ಅದನ್ನು ಭಯ ಎನ್ನಬಾರದು. ಆದರೂ ನಮ್ಮ ಕಡೆ ಮೊದಲು ಮಾರಾಟಕ್ಕೆ ಬಂದದ್ದು ಷೇರಲ್ಲ. ಮೊದಲು ಗಿರವಿಗೆ ಹೋದದ್ದು ಬಂಗಾರ. 2020ರ ಆರಂಭದಲ್ಲಿ ಹತ್ತು ಗ್ರಾಂಗೆ 40 ಸಾವಿರದ ಆಸುಪಾಸಿನಲ್ಲಿದ್ದ ಬಂಗಾರ ಆಗಸ್ಟ್‌ನಲ್ಲಿ 56 ಸಾವಿರ ದಾಟಿತು. ಅದೇ ತಿಂಗಳು ರಿಸರ್ವ್ ಬ್ಯಾಂಕು ಆಭರಣದ ಬೆಲೆಯ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಅದೇ ಪಾಟಲಿ, ಅದೇ ಬಳೆ, ಆದರೆ ಸಿಗುವ ಸಾಲ ಹೆಚ್ಚು. ಸಾಲದ ಕಂತುಗಳಿಗೂ ಆಗಸ್ಟ್ ಕೊನೆಯವರೆಗೆ ವಿನಾಯಿತಿ ಇತ್ತು; ಬಡ್ಡಿ ಮಾತ್ರ ಏರುತ್ತಲೇ ಇತ್ತು. ಬಂಗಾರದ ಸಾಲ, ಕಂತಿನ ವಿನಾಯಿತಿ ಈ ಎರಡು ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಫಂಡ್ ಒಡೆದವರು ಇನ್ನೂ ಬಹಳ ಮಂದಿ ಇರುತ್ತಿದ್ದರು ಎಂದು ನನ್ನ ಅಂದಾಜು.

ಇನ್ನು ಜುಲೈ ಕಡೆಗೆ ಬರೋಣ. ಪೇಟೆ ತಳದಿಂದ ಶೇ 40ಕ್ಕಿಂತ ಹೆಚ್ಚು ಎದ್ದಿತ್ತು. ಎದ್ದಿತ್ತು ಅಂದರೆ ಹಳೆಯ ಎತ್ತರ ಮುಟ್ಟಿರಲಿಲ್ಲ. ಶೇ 40 ಬಿದ್ದದ್ದು ಮೂಲಬೆಲೆಗೆ ಮರಳಬೇಕಾದರೆ ಶೇ 66ಕ್ಕೂ ಹೆಚ್ಚು ಏರಬೇಕು. ಈ ಗಣಿತ ಸುಲಭದ್ದಾದರೂ ರೊಕ್ಕ ಸ್ವಂತದ್ದಾದಾಗ ಬೇಗ ತಲೆಗೆ ಹೋಗುವುದಿಲ್ಲ. ಆ ತಿಂಗಳು ಈಕ್ವಿಟಿ ಫಂಡ್‌ಗಳಿಂದ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನಿವ್ವಳ ಹಣ ಹೊರಹೋಯಿತು, ಸುಮಾರು 2,480 ಕೋಟಿ. ನವೆಂಬರ್‌ನಲ್ಲಿ ಸೆನ್ಸೆಕ್ಸ್ ಜನವರಿಯ ಎತ್ತರವನ್ನು ದಾಟಿತು. ಆ ತಿಂಗಳು ಹೊರಹೋದದ್ದು 12 ಸಾವಿರ ಕೋಟಿಗೂ ಹೆಚ್ಚು. ಅದೇ ನವೆಂಬರ್‌ನಲ್ಲಿ ವಿದೇಶಿ ಸಂಸ್ಥೆಗಳು ಭಾರತದ ಷೇರುಗಳಿಗೆ ಸುರಿದದ್ದು 60 ಸಾವಿರ ಕೋಟಿ. ಮಾರ್ಚ್‌ನಲ್ಲಿ ಅವರು ಮಾರಿದ್ದನ್ನು ನಾವು ಕೊಂಡೆವು, ಅದು ಸರಿಯಾದ ಕೆಲಸವಾಗಿತ್ತು; ನವೆಂಬರ್‌ನಲ್ಲಿ ನಾವು ಬಿಟ್ಟದ್ದನ್ನು ಅವರು ಕೊಂಡರು. 2020-21ರ ಹಣಕಾಸು ವರ್ಷ ಮುಗಿಯುವ ಹೊತ್ತಿಗೆ ವಿದೇಶಿಯರ ನಿವ್ವಳ ಖರೀದಿ 2.7 ಲಕ್ಷ ಕೋಟಿ ದಾಟಿತ್ತು.

ಹುಬ್ಬಳ್ಳಿ ಕೇಶ್ವಾಪುರದಲ್ಲಿ ನನಗೆ ಪರಿಚಯದ ನಿವೃತ್ತ ರೈಲ್ವೆ ನೌಕರರೊಬ್ಬರಿದ್ದಾರೆ. ನಿವೃತ್ತಿಯ ರೊಕ್ಕದಲ್ಲಿ ಒಂದು ಪಾಲನ್ನು ಏಜೆಂಟರ ಮಾತಿಗೆ ಈಕ್ವಿಟಿ ಫಂಡ್‌ಗೆ ಹಾಕಿದ್ದರು, ಸರಿಯಾಗಿ ಪೇಟೆಯ ತುದಿಯಲ್ಲಿ. ಮಾರ್ಚ್‌ನಲ್ಲಿ ಅದು ರೂಪಾಯಿಗೆ ಹತ್ತಾಣೆಯಷ್ಟಕ್ಕೆ ಇಳಿಯಿತು. ಅವರು ಅಲುಗಲಿಲ್ಲ. ‘ಲುಕ್ಸಾನದಾಗ ಯಾವ ಮಗನೂ ಮಾರೂದಿಲ್ರೀ’ ಅನ್ನುವುದು ಅವರ ವಾದ. ಸ್ಟೇಟ್‌ಮೆಂಟಿನಲ್ಲಿ ಕೊಂಡ ಬೆಲೆಯ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟಿದ್ದರು. ವರ್ಷದ ಕೊನೆಗೆ ಬೆಲೆ ಆ ಗೆರೆ ದಾಟಿದ ವಾರವೇ ಪೂರ್ತಿ ಬಿಡಿಸಿಕೊಂಡು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ‘ಅಸಲು ಹೊಳ್ಳಿ ಬಂತ್ರೀ, ಸಾಕು. ಇನ್ನ ಆ ಕಡೆ ತಲಿ ಹಾಕೂದಿಲ್ಲ.’

ಅವರ ನೆಮ್ಮದಿಯನ್ನು ಹಗುರ ಮಾಡಲಾರೆ. ಎಂಟೊಂಬತ್ತು ತಿಂಗಳು ನಿದ್ದೆಗೆಟ್ಟವರಿಗೆ ಅಸಲು ಕೈಸೇರಿದ ಸುಖ ಸಣ್ಣದಲ್ಲ. ಆದರೆ ಲೆಕ್ಕ ಹೇಳುವುದು ಇಷ್ಟು: 2020ರ ಜನವರಿಯ ತುದಿಯಲ್ಲಿ ಸೆನ್ಸೆಕ್ಸ್‌ನಷ್ಟೇ ಏರಿಳಿಯುವ ಫಂಡ್‌ಗೆ 1 ಲಕ್ಷ ಹಾಕಿದವರದ್ದು ಮಾರ್ಚ್‌ನಲ್ಲಿ ಸುಮಾರು 60 ಸಾವಿರ, ನವೆಂಬರ್‌ನಲ್ಲಿ ಮತ್ತೆ 1 ಲಕ್ಷ. ಸೆನ್ಸೆಕ್ಸ್ 60 ಸಾವಿರ ದಾಟಿದ 2021ರ ಸೆಪ್ಟೆಂಬರ್‌ವರೆಗೆ ಬಿಟ್ಟಿದ್ದರೆ 1 ಲಕ್ಷ 42 ಸಾವಿರದಷ್ಟು. ಕುಸಿತದ ನೋವನ್ನೆಲ್ಲ ಉಂಡು, ಏರಿಕೆಯ ಹೊತ್ತಿಗೆ ಪಂಕ್ತಿಯಿಂದ ಎದ್ದುಬಂದಂತಾಯಿತು.

ಮನೋವಿಜ್ಞಾನಿಗಳಾದ ಡ್ಯಾನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ ಸಂಗತಿ ಇದರ ಬುಡದಲ್ಲಿದೆ. ಮನುಷ್ಯ ತನ್ನ ಆಸ್ತಿ ಒಟ್ಟು ಎಷ್ಟು ಎಂದು ನೋಡುವುದಿಲ್ಲ. ಒಂದು ಗುರುತು ಹಾಕಿಕೊಂಡು ಅದರಿಂದ ಮೇಲೋ ಕೆಳಗೋ ಎಂದು ನೋಡುತ್ತಾನೆ. ಕೆಳಗಿದ್ದಾಗಿನ ಸಂಕಟ ಅಷ್ಟೇ ಪ್ರಮಾಣದ ಲಾಭದ ಸಂತೋಷಕ್ಕಿಂತ ಬಹಳ ದೊಡ್ಡದು. ನಷ್ಟದಲ್ಲಿರುವುದನ್ನು ಹಿಡಿದುಕೊಳ್ಳುವುದು, ಲಾಭ ಕಂಡ ಕೂಡಲೇ ಮಾರುವುದು ಹೂಡಿಕೆದಾರರ ಸ್ವಭಾವ ಎಂದು ಹಣಕಾಸು ಪ್ರಾಧ್ಯಾಪಕರಾದ ಹರ್ಷ್ ಶೆಫ್ರಿನ್, ಮೇರ್ ಸ್ಟಾಟ್ಮನ್ 1985ರಲ್ಲಿ ಬರೆದರು. ಕೇಶ್ವಾಪುರದ ಪೆನ್ಸಿಲ್ ಗೆರೆ ಅದೇ ಗುರುತು. ಪೇಟೆಗೆ ಆ ಗೆರೆಯ ಪರಿಚಯವಿಲ್ಲ. ನೀವು ಕೊಂಡ ಬೆಲೆ ನಿಮ್ಮ ಮನೆಯ ಇತಿಹಾಸ. ಕಂಪನಿಯ ಮುಂದಿನ ವರ್ಷದ ಲಾಭಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೊರಹೋದ ಹಣವೆಲ್ಲ ಈ ಮನಸ್ಸಿನಿಂದಲೇ ಹೋಯಿತು ಎಂದರೆ ತಪ್ಪಾಗುತ್ತದೆ. ಆಗಸ್ಟ್ ಕೊನೆಗೆ ಕಂತಿನ ವಿನಾಯಿತಿ ಮುಗಿದಿತ್ತು, ಶಾಲೆ ಫೀ ಬಾಕಿ ಇತ್ತು, ಆಸ್ಪತ್ರೆಯ ಬಿಲ್ಲುಗಳಿದ್ದವು. ಎಸ್‌ಐಪಿ ಮೂಲಕ ಬರುವ ಹಣ ಮಾರ್ಚ್‌ನ 8,641 ಕೋಟಿಯಿಂದ ನವೆಂಬರ್‌ಗೆ 7,300 ಕೋಟಿಯಷ್ಟಕ್ಕೆ ಇಳಿದದ್ದನ್ನು ನೋಡಿದರೆ ಕೈ ಬಿಗಿಯಾದದ್ದು ಕಾಣುತ್ತದೆ. ಬೆಲೆ ಇಳಿದಾಗ ಕಂತು ನಿಲ್ಲಿಸುವುದು ಲೆಕ್ಕದ ದೃಷ್ಟಿಯಿಂದ ಕೆಟ್ಟ ಹೊತ್ತಿನ ಕೆಲಸ: 100 ರೂಪಾಯಿ ಬೆಲೆಯಲ್ಲಿ 5 ಸಾವಿರಕ್ಕೆ 50 ಯೂನಿಟ್ ಬಂದರೆ, 60 ರೂಪಾಯಿ ಇದ್ದಾಗ 83 ಬರುತ್ತವೆ. ಆದರೆ ಸಂಬಳವೇ ಬಾರದವನಿಗೆ ಈ ಲೆಕ್ಕ ಹೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ.

ಇನ್ನೊಂದು ಗುಂಪು ಫಂಡ್ ಬಿಟ್ಟು ನೇರವಾಗಿ ಷೇರಿಗೆ ಇಳಿಯಿತು. ಕೇಶ್ವಾಪುರದ ಆ ಹಿರಿಯರು ಫಂಡ್ ಬಿಡಿಸುವಾಗ, ಮನೆಯಿಂದಲೇ ಕೆಲಸ ಮಾಡಲು ಬೆಂಗಳೂರಿನಿಂದ ಬಂದಿದ್ದ ಅವರ ಮಗ ಮಹಡಿ ಮೇಲೆ ಕೂತು ಫೋನಿನಲ್ಲಿ ಡಿಮ್ಯಾಟ್ ತೆರೆದಿದ್ದ. ಆಧಾರ್ ಇದ್ದರೆ ಕೂತಲ್ಲೇ ಖಾತೆ, ದಲಾಲಿ ಕಡಿಮೆ, ಹೊರಗೆ ಹೋಗುವಂತಿಲ್ಲ, ಖರ್ಚಿಗೆ ದಾರಿಯಿಲ್ಲ. ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಮಾರ್ಚ್‌ನಲ್ಲಿ ಶೇ 4.40ಕ್ಕೆ, ಮೇನಲ್ಲಿ ಶೇ 4ಕ್ಕೆ ಇಳಿಸಿದ್ದರಿಂದ ಠೇವಣಿ ಬಡ್ಡಿ ಶೇ 5ರ ಆಸುಪಾಸಿಗೆ ಬಂದಿತ್ತು, ಬೆಲೆಯೇರಿಕೆ ಶೇ 6ರ ಮೇಲಿತ್ತು. ಠೇವಣಿ ಇಟ್ಟರೆ ಸವೆಯುವ ರೊಕ್ಕ ಬೇರೆ ದಾರಿ ಹುಡುಕದೆ ಇರುತ್ತದೆಯೇ? ಒಂದೇ ಮನೆಯ ಕೆಳಗಿನ ಕೋಣೆಯಲ್ಲಿ ಷೇರಿನಿಂದ ಠೇವಣಿಗೆ, ಮೇಲಿನ ಕೋಣೆಯಲ್ಲಿ ಠೇವಣಿಯಿಂದ ಷೇರಿಗೆ. ‘ಸಣ್ಣ ಹೂಡಿಕೆದಾರ ಹೀಗೆ ಮಾಡಿದ’ ಎಂದು ಒಂದೇ ವಾಕ್ಯದಲ್ಲಿ ಬರೆಯುವವರು ಈ ಎರಡು ಕೋಣೆಗಳನ್ನೂ ನೋಡಬೇಕು.

ಮಗನಿಗೆ ಲಾಭವೂ ಆಯಿತು. 2020ರಲ್ಲಿ ನಿಫ್ಟಿಯ ಔಷಧ ಸೂಚ್ಯಂಕ ಸುಮಾರು ಶೇ 60 ಏರಿತು. ಕಣ್ಣು ಮುಚ್ಚಿ ಕೈ ಇಟ್ಟ ಕಡೆ ಲಾಭ ಸಿಕ್ಕ ಕಾಲ ಅದು. ತೊಂದರೆ ಏನೆಂದರೆ, ಅದೃಷ್ಟದ ಮೊದಲ ವರ್ಷ ಜಾಣತನದ ಸರ್ಟಿಫಿಕೇಟ್‌ನಂತೆ ಕಾಣುತ್ತದೆ. ‘ಹಿಡಕೊಂಡು ಕುಂತ್ರ ಹೊಳ್ಳಿ ಬರ್ತೈತಿ’ ಎಂಬ ಪಾಠವನ್ನು ಇಡೀ ತಲೆಮಾರು ಕಲಿತದ್ದು ಆಗಲೇ. ಸೂಚ್ಯಂಕದ ಮಟ್ಟಿಗೆ ಈ ಪಾಠ ಇದುವರೆಗೆ ನಿಜವಾಗಿದೆ, ಏಕೆಂದರೆ ಸೋತ ಕಂಪನಿಯನ್ನು ಪಟ್ಟಿಯಿಂದ ಕಿತ್ತು ಗೆದ್ದದ್ದನ್ನು ಸೇರಿಸುತ್ತಲೇ ಇರುತ್ತಾರೆ. ಒಂಟಿ ಷೇರಿಗೆ ಅಂಥ ರಕ್ಷಣೆ ಇಲ್ಲ. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಹತ್ತಿರವಿತ್ತು. ಕೊರೊನಾ ಕುಸಿತಕ್ಕೆ ತುಸು ಮೊದಲು, 2020ರ ಮಾರ್ಚ್ 5ರಂದು, ಸರ್ಕಾರ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ ಗ್ರಾಹಕರು 50 ಸಾವಿರಕ್ಕಿಂತ ಹೆಚ್ಚು ತೆಗೆಯದಂತೆ ಮಾಡಿತು. ಮರುದಿನ ಷೇರು ಒಂದಂಕಿಗೆ ಇಳಿಯಿತು. ಬ್ಯಾಂಕು ಉಳಿಯಿತು, ಠೇವಣಿದಾರರೂ ಉಳಿದರು. ಆದರೆ ನೂರಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75ರಷ್ಟು ಷೇರಿಗೆ ಮೂರು ವರ್ಷ ಬೀಗ ಬಿತ್ತು. 300ಕ್ಕೆ ಕೊಂಡು, 100ಕ್ಕೆ ಇನ್ನಷ್ಟು ಕೊಂಡು ಆವರೇಜ್ ಮಾಡಿ, 40ಕ್ಕೆ ಮತ್ತೆ ಆವರೇಜ್ ಮಾಡಿದವರಿಗೆ ಮೊದಲು ಕೊಟ್ಟ ದರ ಮತ್ತೆ ಕಾಣಲಿಲ್ಲ. ‘ಇದಕ್ಕಿಂತ ಕೆಳಗ ಎಲ್ಲಿಗೆ ಹೋದೀತು’ ಅನ್ನುವವರಿಗೆ ಅದೇ ಏಪ್ರಿಲ್ 20ರಂದು ಕಚ್ಚಾ ತೈಲ ಉತ್ತರ ಕೊಟ್ಟಿತು: ಅಮೆರಿಕದ ವಾಯಿದಾ (ಫ್ಯೂಚರ್ಸ್) ಪೇಟೆಯಲ್ಲಿ ಬ್ಯಾರೆಲ್ ಬೆಲೆ ಸೊನ್ನೆಯನ್ನೂ ದಾಟಿ ಮೈನಸ್ 37 ಡಾಲರಿಗೆ ಇಳಿಯಿತು. ನಮ್ಮ ಸರಕುಗಳ ವಾಯಿದಾ ಪೇಟೆ ಎಂಸಿಎಕ್ಸ್‌ನಲ್ಲಿ ಅಗ್ಗ ಎಂದು ಕೊಂಡವರು ಮೇಲಿಂದ ಕೈಯಿಂದ ರೊಕ್ಕ ಕಟ್ಟಬೇಕಾಯಿತು.

ಓಡಿದ್ದೇ ತಪ್ಪು, ನಿಂತದ್ದೇ ಸರಿ ಎಂದು ಹೇಳಲಾಗದ ಇನ್ನೊಂದು ಕಡೆಯೂ ಇದೆ: ಕಂಪನಿಗಳಿಗೆ ಸಾಲ ಕೊಟ್ಟು ಬಡ್ಡಿ ಗಳಿಸುವ ಸಾಲಪತ್ರಗಳ ಫಂಡ್. ಠೇವಣಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚು ಬರುತ್ತದೆ, ಷೇರಿನ ಗೊಡವೆ ಇಲ್ಲ ಎಂದು ನಿವೃತ್ತರು ಇಲ್ಲಿ ಹಣ ಇಟ್ಟಿದ್ದರು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಎಂಬ ಫಂಡ್ ಕಂಪನಿ ಸುಮಾರು 25 ಸಾವಿರ ಕೋಟಿಯ ಆರು ಯೋಜನೆಗಳನ್ನು ಮುಚ್ಚುವುದಾಗಿ ಘೋಷಿಸಿತು. ಇಲ್ಲಿನ ಒಳಸುಳಿ ಷೇರಿಗಿಂತ ಭಿನ್ನ. ದೊಡ್ಡ ಕಂಪನಿಯ ಷೇರನ್ನು ಯಾವತ್ತಾದರೂ ಯಾವುದಾದರೂ ಬೆಲೆಗೆ ಮಾರಬಹುದು. ಸಾಧಾರಣ ದರ್ಜೆಯ ಕಂಪನಿಯ ಸಾಲಪತ್ರಕ್ಕೆ ಸಂಕಟಕಾಲದಲ್ಲಿ ಗಿರಾಕಿಯೇ ಇರುವುದಿಲ್ಲ. ಮೊದಲು ಬಂದವರಿಗೆ ಫಂಡ್ ತನ್ನ ಒಳ್ಳೆಯ ಪತ್ರಗಳನ್ನು ಮಾರಿ ಹಣ ಕೊಡುತ್ತದೆ. ಕೊನೆಗೆ ಉಳಿದವರ ಪಾಲಿಗೆ ಯಾರೂ ಕೊಳ್ಳದ ಪತ್ರಗಳು. ಅಂಥ ಕಡೆ ಮೊದಲು ಓಡುವುದು ಹೇಡಿತನವಲ್ಲ, ಲೆಕ್ಕಾಚಾರ. ಎಲ್ಲರೂ ಅದೇ ಲೆಕ್ಕ ಹಾಕಿದಾಗ ಮಾತ್ರ ಫಂಡ್ ಮುಳುಗುತ್ತದೆ. ನಾಲ್ಕು ದಿನಗಳಲ್ಲಿ ರಿಸರ್ವ್ ಬ್ಯಾಂಕು ಮ್ಯೂಚುವಲ್ ಫಂಡ್‌ಗಳಿಗಾಗಿ 50 ಸಾವಿರ ಕೋಟಿಯ ವಿಶೇಷ ನೆರವು ಪ್ರಕಟಿಸಿ ಉಳಿದವು ಅದೇ ದಾರಿ ಹಿಡಿಯದಂತೆ ತಡೆಯಿತು. ಆ ಆರು ಯೋಜನೆಗಳವರಿಗೂ ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2021ರಿಂದ ಕಂತು ಕಂತಾಗಿ ಹಣ ಮರಳಿತು. ಬಂತು, ನಿಜ. ಆದರೆ ಮಗಳ ಮದುವೆ, ಕಣ್ಣಿನ ಆಪರೇಷನ್ ಎಂದು ಲೆಕ್ಕ ಹಾಕಿ ಇಟ್ಟವರಿಗೆ ಬೇಕಾದ ತಿಂಗಳು ಬರಲಿಲ್ಲ.

ಎರಡನೇ ಅಲೆಯಲ್ಲಿ ಪೇಟೆ ನಡೆದುಕೊಂಡ ರೀತಿ ಈಗಲೂ ಬಹಳ ಜನರಿಗೆ ಅರ್ಥವಾಗಿಲ್ಲ. 2021ರ ಏಪ್ರಿಲ್ 12ರಂದು ಸೆನ್ಸೆಕ್ಸ್ 1,700 ಅಂಶ ಬಿತ್ತು. ಅಷ್ಟೇ. ಮೇ ಮೊದಲ ವಾರ ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರ ಹೊಸ ಪ್ರಕರಣ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಗದಗ, ಹಾವೇರಿಯಿಂದಲೂ ಆಂಬುಲೆನ್ಸುಗಳು ಬರುತ್ತಿದ್ದ ಹೊತ್ತು. ಅದೇ ಮೇ ಕೊನೆಗೆ ನಿಫ್ಟಿ ಹೊಸ ದಾಖಲೆ ಬರೆಯಿತು. ಮಂದಿ ಸಾಯುತ್ತಿರುವಾಗ ಮಾರ್ಕೆಟ್ ಏರುವುದು ಅಸಹ್ಯ ಎಂದು ಅನೇಕರಿಗೆ ಅನ್ನಿಸಿತು, ನನಗೂ ಅನ್ನಿಸಿತು. ಆದರೆ ಸೂಚ್ಯಂಕ ಊರಿನ ಕ್ಷೇಮಸಮಾಚಾರ ಹೇಳುವ ಸಾಧನವಲ್ಲ. ಅದರಲ್ಲಿರುವುದು ಐವತ್ತು ದೊಡ್ಡ ಕಂಪನಿಗಳ ಮುಂದಿನ ವರ್ಷಗಳ ಲಾಭದ ಅಂದಾಜು. ಕೊಪ್ಪಿಕರ್ ರಸ್ತೆಯ ಖಾನಾವಳಿ, ಬೆಟಗೇರಿಯ ಮಗ್ಗ, ರಾಣೇಬೆನ್ನೂರಿನ ಟೇಲರ್ ಅದರಲ್ಲಿಲ್ಲ. ಸಣ್ಣ ಅಂಗಡಿ ಮುಚ್ಚಿದಾಗ ಅದರ ಗಿರಾಕಿ ಎಲ್ಲಿಗೆ ಹೋಗುತ್ತಾನೋ ಅಲ್ಲಿಯ ದೊಡ್ಡ ಕಂಪನಿ ಸೂಚ್ಯಂಕದಲ್ಲಿರುತ್ತದೆ. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಶೇ 23.9 ಕುಗ್ಗಿತು ಎಂಬ ಅಂಕಿ ಬಂದಾಗಲೂ ಸೂಚ್ಯಂಕ ಮೇಲ್ಮುಖವಾಗಿಯೇ ಇದ್ದದ್ದು ಇದೇ ಕಾರಣಕ್ಕೆ, ಜೊತೆಗೆ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರ ಇಟ್ಟು ಜಗತ್ತಿಗೆಲ್ಲ ಡಾಲರ್ ಹರಿಸಿದ್ದಕ್ಕೆ. ಸುತ್ತಲಿನ ಸಂಕಟ ನೋಡಿ ಷೇರು ಮಾರಿದವರೂ ನಮ್ಮಲ್ಲಿದ್ದರು. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ಕಂಡದ್ದಕ್ಕೂ ಅವರ ಕೈಲಿದ್ದ ಷೇರಿಗೂ ನಂಟು ಕಡಿಮೆ ಇತ್ತು.

ಮುಂದಿನ ದೊಡ್ಡ ಕುಸಿತ ಬಂದಾಗ ನಮ್ಮವರು ಏನು ಮಾಡುತ್ತಾರೆ? 2024ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್‌ವರೆಗೆ ನಿಫ್ಟಿ ಶೇ 16ರಷ್ಟು ಇಳಿದಾಗ ಒಂದು ಸಣ್ಣ ಸೂಚನೆ ಸಿಕ್ಕಿತು. ಜನವರಿ, ಫೆಬ್ರುವರಿಯಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿಗಳಿಗಿಂತ ನಿಂತವು ಹೆಚ್ಚು. ಹಳೆಯ ಖಾತೆಗಳನ್ನು ಪಟ್ಟಿಯಿಂದ ತೆಗೆದದ್ದೂ ಅದರಲ್ಲಿ ಸೇರಿತ್ತು. ತಿಂಗಳ ಒಟ್ಟು ಮೊತ್ತ ಮಾತ್ರ 26 ಸಾವಿರ ಕೋಟಿಯ ಆಸುಪಾಸಿನಲ್ಲೇ ಉಳಿಯಿತು. ಆದರೆ ಆಗ ಯಾರ ಸಂಬಳವೂ ನಿಂತಿರಲಿಲ್ಲ, ಅಂಗಡಿಗಳಿಗೆ ಬೀಗ ಬಿದ್ದಿರಲಿಲ್ಲ. ಪಿಡುಗಿನ ಕುಸಿತದ ವಿಶೇಷವೇ ಅದು: ಹೂಡಿದ ರೊಕ್ಕ ಕರಗುವುದೂ ದುಡಿಮೆ ನಿಲ್ಲುವುದೂ ಆಸ್ಪತ್ರೆ ಖರ್ಚು ಬರುವುದೂ ಒಂದೇ ತಿಂಗಳಲ್ಲಿ. ಮನೆಯಲ್ಲಿ ಆರು ತಿಂಗಳ ಖರ್ಚು ನಗದಾಗಿ ಇದ್ದವರು ಸಹಜವಾಗಿಯೇ ತಾಳ್ಮೆಯ ಹೂಡಿಕೆದಾರರಂತೆ ಕಂಡರು. ಇಲ್ಲದವರು ಹೆದರುಪುಕ್ಕಲರಂತೆ ಕಂಡರು.

ನನಗೆ ಹೆಚ್ಚು ಆತಂಕ ಇರುವುದು ಬೇರೆ ಕಡೆ. 2020ರಲ್ಲಿ ಮಾರ್ಜಿನ್ ಇಲ್ಲದೆ ಮಾರಬೇಕಾದವರಲ್ಲಿ ನಮ್ಮ ಊರುಗಳವರು ಕಡಿಮೆ. ಈಗ ಹಾಗಿಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಬಗ್ಗೆ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ 1 ಕೋಟಿಗೂ ಹೆಚ್ಚು ಸಾಮಾನ್ಯ ವ್ಯಕ್ತಿಗಳು ಅದರಲ್ಲಿ ಆಡಿದರು. ಶೇ 93ರಷ್ಟು ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು. ಆಡುವವರಲ್ಲಿ ಶೇ 72ಕ್ಕೂ ಹೆಚ್ಚು ಜನ ದೇಶದ ಮೊದಲ 30 ನಗರಗಳ ಆಚೆಯವರು. ಹುಬ್ಬಳ್ಳಿ-ಧಾರವಾಡದಂಥ ಊರುಗಳು ಬರುವುದು ಈ ಗುಂಪಿಗೇ. ಮುಕ್ಕಾಲು ಪಾಲು ಮಂದಿಯ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ. ಬ್ರೋಕರ್‌ನಿಂದ ಸಾಲ ಪಡೆದು ಷೇರು ಕೊಳ್ಳುವ ಸೌಲಭ್ಯದ ಬಾಕಿಯೂ ಅದೇ ವರ್ಷ 70 ಸಾವಿರ ಕೋಟಿ ದಾಟಿತ್ತು. ಪೆನ್ಸಿಲ್ ಗೆರೆ ಎಳೆದು ನವೆಂಬರ್‌ವರೆಗೆ ಕಾಯುವ ಅವಕಾಶ ಇಂಥ ವಹಿವಾಟಿನಲ್ಲಿ ಇಲ್ಲ. ಬೆಳಿಗ್ಗೆ ಮಾರ್ಜಿನ್ ಕಡಿಮೆ ಬಿದ್ದರೆ ಮಧ್ಯಾಹ್ನದೊಳಗೆ ಬ್ರೋಕರ್‌ನ ಕಂಪ್ಯೂಟರ್ ತಾನೇ ಮಾರಿಬಿಡುತ್ತದೆ, ಯಾವ ದರ ಸಿಕ್ಕಿತೋ ಆ ದರಕ್ಕೆ.